ನುಸಿ ಎಲೆಯಲ್ಲಿ, ಮದ್ದು ಬೇರಿನಲ್ಲಿ

ಪ್ರಶ್ನೆ: ಬದನೆ ಎಲೆಗಳ ಮೇಲೆ ಬಿಳಿ ಚುಕ್ಕೆ, ಹಿಂಬದಿಯಲ್ಲಿ ತೆಳುವಾದ ಬಲೆ ಕಾಣಿಸಿಕೊಂಡಾಗ ಸ್ಯೂಡೋಮೋನಾಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕಲಸಿ ಗಿಡಗಳ ಬುಡಕ್ಕೆ ಹಾಕಿದೆ. ವಾರ ಕಳೆದರೂ ನುಸಿ ಕಡಿಮೆಯಾಗಿಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಎಲೆಯ ಮೇಲಿನ ನುಸಿಯನ್ನು ತಡೆಯುತ್ತದೆ ಎನ್ನುವುದು ನಿಜವೇ?

ಉತ್ತರ: ತಡೆಯಲು ನೆರವಾಗುತ್ತದೆ ಎನ್ನುವುದು ನಿಜ, ಆದರೆ ನೀವು ಹಾಕಿದ್ದು ತಡವಾಯಿತು. ಬೇರಿನ ಸುತ್ತ ನೆಲೆಸುವ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮೊದಲಾದ ಬ್ಯಾಕ್ಟೀರಿಯಾಗಳು ಎಲೆಯವರೆಗೆ ಹೋಗಿ ನುಸಿಯನ್ನು ಕೊಲ್ಲುವುದಿಲ್ಲ. ಅವು ಬೇರಿನ ಮೂಲಕ ಇಡೀ ಗಿಡವನ್ನು ಎಚ್ಚರದಲ್ಲಿರಿಸುತ್ತವೆ. ಹೀಗೆ ಸಜ್ಜಾದ ಗಿಡಕ್ಕೆ ಮುಂದೆ ನುಸಿ ಚುಚ್ಚಿದಾಗ ಗಿಡದ ರಕ್ಷಣಾ ಹಾರ್ಮೋನಾದ ಜಾಸ್ಮೋನಿಕ್ ಆಮ್ಲದ ಸಂಕೇತ ಬೇಗನೆ ಹರಿದು, ನುಸಿಯ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಪ್ರೋಟೀನುಗಳು ಎಲೆಯಲ್ಲಿ ಹೆಚ್ಚಬಲ್ಲವು. ಈ ಬಗೆಯ ಪ್ರತಿರೋಧ ಮೊದಲು ಸ್ಪಷ್ಟವಾಗಿ ವರದಿಯಾದದ್ದು 1991ರಲ್ಲಿ, ಕಾರ್ನೇಷನ್ ಮತ್ತು ಸೌತೆ ಗಿಡಗಳ ರೋಗಗಳ ವಿಷಯದಲ್ಲಿ. ಕೀಟ ಮತ್ತು ನುಸಿಗಳ ಮೇಲಿನ ಪರಿಣಾಮವನ್ನು ಪರಿಶೀಲಿಸಿದ್ದು ಆಮೇಲೆ.

ಒಂದು ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿ. ಅರ್ಧ ಮಿಲಿಮೀಟರಿನಷ್ಟು ಉದ್ದದ, ಎಂಟು ಕಾಲಿನ, ಬೆನ್ನಿನ ಇಬ್ಬದಿಯಲ್ಲೂ ಕಪ್ಪು ಮಚ್ಚೆಯಿರುವ ಜೀವಿ, ಪಕ್ಕದಲ್ಲಿ ಮುತ್ತಿನಂತೆ ದುಂಡಗಿರುವ ಮೊಟ್ಟೆಗಳು ಕಂಡರೆ ಅದು ಜೇಡನುಸಿ. ಅದು ಒಂದೊಂದೇ ಜೀವಕೋಶವನ್ನು ಚುಚ್ಚಿ ಹಸಿರನ್ನು ಹೀರಿದ ಗುರುತೇ ನೀವು ಕಂಡ ಬಿಳಿ ಚುಕ್ಕೆ. ಬಿಸಿ, ಒಣ ಹವೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಹತ್ತು ದಿನವೂ ಬೇಕಿಲ್ಲ. ಬಲೆ ಕಟ್ಟುವಷ್ಟು ಸಂಖ್ಯೆ ಏರಿದ ಮೇಲೆ ಗಿಡದ ಪ್ರತಿರೋಧವೊಂದರಿಂದಲೇ ಅದನ್ನು ಇಳಿಸಲಾಗದು.

ಸದ್ಯಕ್ಕೆ ಹೆಚ್ಚು ಹಾಳಾದ ಎಲೆಗಳನ್ನು ಕಿತ್ತು ನಾಶಪಡಿಸಿ, ಉಳಿದವುಗಳ ಹಿಂಬದಿಗೆ ನೀರನ್ನು ರಭಸವಾಗಿ ಹಾಯಿಸಿ. ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧಿಯನ್ನು ದಯವಿಟ್ಟು ಹೊಡೆಯಬೇಡಿ. ಜೇಡನುಸಿಯನ್ನು ತಿಂದು ಬದುಕುವ ಪರಭಕ್ಷಕ ನುಸಿಗಳು ಅದರಿಂದ ಮೊದಲು ಸಾಯುತ್ತವೆ, ಬೆಳೆ ಇನ್ನಷ್ಟು ಹದಗೆಡುತ್ತದೆ.

ಮುಂದಿನ ಬೆಳೆಗೆ ಬ್ಯಾಕ್ಟೀರಿಯಾವನ್ನು ಬೀಜೋಪಚಾರದಲ್ಲೇ ಕೊಡಿ, ನಾಟಿಯ ದಿನ ಸಸಿಗಳ ಬೇರನ್ನು ಅದರ ದ್ರಾವಣದಲ್ಲಿ ಅದ್ದಿ, ಹೊಲಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಹಾಕಿ. ತಾಮ್ರಯುಕ್ತ ಔಷಧಿಗಳೊಂದಿಗೆ ಬೆರೆಸಬೇಡಿ. ಸ್ಯೂಡೋಮೋನಾಸ್ ಬೀಜಕಗಳನ್ನು (ಕಷ್ಟಕಾಲ ತಾಳುವ ಗಟ್ಟಿ ಕವಚದ ಸುಪ್ತ ರೂಪ) ಕಟ್ಟುವುದಿಲ್ಲವಾದ್ದರಿಂದ ಹಳೆಯ ಪೊಟ್ಟಣದಲ್ಲಿ ಸತ್ತಿರಬಹುದು. ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳಿ. ಬ್ಯಾಸಿಲಸ್ ಬೀಜಕದ ರೂಪದಲ್ಲಿ ಹೆಚ್ಚು ಕಾಲ ತಾಳುತ್ತದೆ. ಫಲ ತಳಿಯಿಂದ ತಳಿಗೆ, ಬೆಳೆಯಿಂದ ಬೆಳೆಗೆ ಬದಲಾಗುತ್ತದೆ. ಕೆಲವು ಪ್ರಯೋಗಗಳಲ್ಲಿ ಇಂಥ ಬ್ಯಾಕ್ಟೀರಿಯಾದಿಂದ ಬಿಳಿನೊಣಕ್ಕೇ ಅನುಕೂಲವಾದದ್ದುಂಟು. ಆದ್ದರಿಂದ ಒಂದೆರಡು ಸಾಲಿಗೆ ಬ್ಯಾಕ್ಟೀರಿಯಾ ಹಾಕದೆ ಬಿಟ್ಟು, ವಾರಕ್ಕೊಮ್ಮೆ ಹಾಕಿದ ಮತ್ತು ಹಾಕದ ಸಾಲುಗಳ ಎಲೆಗಳಲ್ಲಿ ನುಸಿ ಎಣಿಸಿ ಬರೆದಿಡಿ.

ಪ್ರಶ್ನೆ: ಹುಳುಗಳಿಗೆ ಸಿಂಪಡಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾ ನುಸಿಗೂ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಎಲೆಯ ಮೇಲೆ ಬಿದ್ದ ಅದರ ವಿಷವನ್ನು ಎಲೆ ಕಡಿಯುವ ಹುಳು ತಿಂದು ಸಾಯುತ್ತದೆ. ನುಸಿ ಎಲೆಯನ್ನು ಕಡಿಯದೆ ಕೋಶದ ಒಳಗಿನದನ್ನು ಹೀರುತ್ತದೆ.