ಹಳೆಯ ಡೇಟಾವನ್ನು ಹೊಸ ಸಾಫ್ಟ್‌ವೇರ್‌ಗೆ ಸಾಗಿಸೋಕೆ ಅಷ್ಟೊಂದು ಪ್ಲಾನಿಂಗ್ ಯಾಕೆ? ಸುಮ್ನೆ ಕಾಪಿ ಮಾಡಿದರೆ ಸಾಲದೇ?

ಸಾಲದು. ಡೇಟಾದ ಅರ್ಥ ಫೈಲ್‌ನಲ್ಲಿ ಪೂರ್ತಿ ಇರುವುದಿಲ್ಲ. ಅರ್ಧ ಹಳೆಯ ಸಾಫ್ಟ್‌ವೇರ್‌ನ ನಿಯಮಗಳಲ್ಲಿ, ಬಳಸುವವರ ತಲೆಯಲ್ಲಿ ಇರುತ್ತದೆ. ಕಾಪಿ ಮಾಡಿದಾಗ ಅದು ಜೊತೆಗೆ ಬರುವುದಿಲ್ಲ.

ಒಂದು ಸಗಟು ಅಂಗಡಿಯ ಲೆಕ್ಕ ನೋಡಿ. ಒಬ್ಬನೇ ಗಿರಾಕಿಯ ಹೆಸರು ಮೂರು ಸ್ಪೆಲ್ಲಿಂಗ್‌ನಲ್ಲಿದೆ. ಮೂರೂ ಒಂದೇ ಅಂತ ಅಕೌಂಟೆಂಟ್‌ಗೆ ಗೊತ್ತು. ಹೊಸ ಸಾಫ್ಟ್‌ವೇರ್‌ಗೆ ಮಾತ್ರ ಅವರು ಮೂವರು. ಬಾಕಿ ಮೂರು ಕಡೆ ಹಂಚಿಹೋಗುತ್ತದೆ, ಅವನಿಗೆ ಉದ್ದರಿ ಕೊಡುವ ಮಿತಿ ಮೂರು ಪಟ್ಟಾಗುತ್ತದೆ. 03/04 ಅನ್ನೋದು ಏಪ್ರಿಲ್ 3 ಇರಬಹುದು, ಮಾರ್ಚ್ 4 ಕೂಡ ಇರಬಹುದು. ಇಂಥ ತಪ್ಪಿಗೆ ಎರರ್ ಮೆಸೇಜ್ ಕೂಡ ಬರುವುದಿಲ್ಲ, ಅದೇ ನಿಜವಾದ ಅಪಾಯ.

ಅದಕ್ಕೇ ಮೊದಲು ಡೇಟಾ ಶುಚಿಮಾಡಬೇಕು. ಹಳೆಯ ಯಾವ ಕಾಲಂ ಹೊಸದರಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ಬರೆದಿಡಬೇಕು. ಆಮೇಲೆ ಒಂದು ಪ್ರತಿಯ ಮೇಲೆ ಪೂರ್ತಿ ತಾಲೀಮು ಮಾಡಿ, ಎರಡೂ ಕಡೆಯ ಒಟ್ಟು ಬಾಕಿ ತಾಳೆ ನೋಡಬೇಕು. ಈ ತಾಲೀಮನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಡೇಟಾ ಸರಿಯಾಗಿಯೇ ಬಂತು. ಆದರೆ ಹೊಸ ವ್ಯವಸ್ಥೆಯ ಪರೀಕ್ಷೆ ಸಾಲದೆ, ಲಕ್ಷಾಂತರ ಜನರಿಗೆ ತಮ್ಮ ಖಾತೆಯನ್ನೇ ತೆರೆಯಲು ಆಗಲಿಲ್ಲ. ಎಲ್ಲ ಸರಿಹೋಗುವಷ್ಟರಲ್ಲಿ ಡಿಸೆಂಬರ್ ಆಗಿತ್ತು. 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡ್‌ಗೂ ಜಾಸ್ತಿ ದಂಡ ಹಾಕಿದರು.