ಕಡಿಮೆ ಅಂಕ ಬಿದ್ದ ಹುಡುಗಿಗೆ ಒಂದು ಕಾಗದ

ಅಕ್ಕಾ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಗಾಗಿ ಅಕ್ಕ ಎಂದೇ ಕರೆಯುತ್ತೇನೆ. ಬ್ರಹ್ಮಾವರದಿಂದ ಮಗಳ ಜೊತೆ ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಪೊಯೆಟ್ರಿ ಸ್ಲ್ಯಾಮ್, ಅಂದರೆ ವೇದಿಕೆಯ ಮೇಲೆ ಕವಿತೆ ಹೇಳುವ ಸ್ಪರ್ಧೆ, ನೋಡಿದ್ದೀರಿ. ನಿಂತುಕೊಂಡೇ ಊಟ ಮುಗಿಸುವ ಅಮ್ಮನ ಬಗ್ಗೆ ಒಬ್ಬ ಹುಡುಗಿ ಹೇಳಿದಾಗ ನಿಮಗೆ ಅಳು ಬಂತು. ಅವಳಿಗೇ ಎಲ್ಲರಿಗಿಂತ ಕಡಿಮೆ ಅಂಕ. 'ಕವಿತೆಗೂ ಅಂಕವಾ? ಇದು ನಮ್ಮ ರೀತಿಯಲ್ಲ. ಮುಂದಿನ ಸಲ ಮಗಳು ಹೆಸರು ಕೊಡುತ್ತಾಳಂತೆ, ಕಳಿಸಲಾ?' ಎಂದು ಕೇಳಿದ್ದೀರಿ.

ಈ ಸ್ಲ್ಯಾಮ್ ಶುರು ಮಾಡಿದವರು ಶಿಕಾಗೋದ ಮಾರ್ಕ್ ಸ್ಮಿತ್, ಕಟ್ಟಡ ಕೆಲಸ ಮಾಡುತ್ತಿದ್ದವರು. 1986ರಿಂದ ಗ್ರೀನ್ ಮಿಲ್ ಎಂಬ ಜಾಸ್ ಕ್ಲಬ್ಬಿನಲ್ಲಿ ನಡೆಸಿದರು. ಸಭೆಯಲ್ಲಿ ಕೂತ ಐವರ ಕೈಗೆ ಬೋರ್ಡು ಕೊಟ್ಟು ಸೊನ್ನೆಯಿಂದ 10ರವರೆಗೆ ಅಂಕ ಬರೆಸುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಮತ್ತು ಕಡಿಮೆ ಅಂಕ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಆ ಐವರು ಪಂಡಿತರಾಗಬೇಕೆಂದಿಲ್ಲ, ನೀವೂ ಆಗಬಹುದಿತ್ತು. ಜನ ಕಿವಿಗೊಟ್ಟು ಕೂರಲಿ ಅಂತ ಮಾಡಿದ ಉಪಾಯ ಅದು.

ಆದರೂ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಒಮ್ಮೆ ಉಡುಪಿಯಲ್ಲಿ ಬೋರ್ಡು ನನ್ನ ಕೈಗೂ ಬಂದಿತ್ತು. ಗಟ್ಟಿಯಾಗಿ ಹೇಳಿದವಳಿಗೆ 9 ಬರೆದೆ, ಮೆಲ್ಲಗೆ ಹೇಳಿದವಳಿಗೆ 6. ರಾತ್ರಿ ಮಲಗಿದಾಗ ನೆನಪಾದದ್ದು ಮೆಲ್ಲಗೆ ಹೇಳಿದವಳ ಸಾಲು. ಇವತ್ತಿಗೂ ಆ 6 ನನ್ನನ್ನು ಚುಚ್ಚುತ್ತದೆ. ಮೂರು ನಿಮಿಷದ ಆಟದಲ್ಲಿ ದೊಡ್ಡ ದನಿಗೆ ಬೇಗ ಅಂಕ ಬೀಳುತ್ತದೆ.

ನಮ್ಮ ರೀತಿಯಲ್ಲ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಸ್ಲ್ಯಾಮಿನಲ್ಲಿ ವೇಷ ಕಟ್ಟುವಂತಿಲ್ಲ, ವಾದ್ಯ ಬಳಸುವಂತಿಲ್ಲ. ವೇಷವಿಲ್ಲದೆ ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಳೆ ಕೇಳಿ ಬೆಳೆದವರು ನಾವು. ತುಳುನಾಡಿನ ಅಜ್ಜಿಯಂದಿರು ನೇಜಿ (ಭತ್ತದ ಸಸಿ) ನೆಡುತ್ತಾ ಪಾಡ್ದನ ಎಂಬ ಕಥೆ ಹೇಳುವ ಹಾಡು ಹೇಳಿದರು. ಒಬ್ಬಳು ಸಾಲು ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಗಂಡನನ್ನು ಬಿಟ್ಟು ಹೊರಟ ಸಿರಿ ಎಂಬ ಹೆಣ್ಣಿನ ಕಥೆಯನ್ನು ಕೆಸರಿನಲ್ಲಿ ಬಾಗಿ ನಿಂತು ಹೇಳಿದ ಹೆಂಗಸರು ಅವರು! ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಈ ಹುಡುಗಿಯರು ಮೈಕಿನ ಮುಂದೆ ತಮ್ಮ ಹೆಸರು ಹೇಳಿ ಶುರು ಮಾಡುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ಮಗಳನ್ನು ಖಂಡಿತ ಕಳಿಸಿ. ಮನೆಯಲ್ಲಿ ಆಡುವ ಕುಂದಗನ್ನಡದಲ್ಲೇ ಹೇಳಲಿ. ಗಡಿಯಾರ ಇಟ್ಟುಕೊಂಡು ನಿಮ್ಮೆದುರು ನಾಲ್ಕು ಸಲ ಓದಲಿ. ಮೂರು ನಿಮಿಷದ ಮೇಲೆ 10 ಸೆಕೆಂಡು ದಾಟಿದರೆ ಸಾಮಾನ್ಯವಾಗಿ ಅಂಕ ಕಳೆಯುತ್ತಾರೆ.

ಇನ್ನೊಂದು. ನೀವು ಅತ್ತದ್ದು ಆ ಹುಡುಗಿಗೆ ಗೊತ್ತಿಲ್ಲ ಅಲ್ವಾ? ಅವಳಿಗೆ ಎರಡು ಸಾಲು ಬರೆದು ನಮ್ಮ ಕಚೇರಿಗೆ ಕಳಿಸಿ. ಹುಡುಕಿ ತಲುಪಿಸುವ ಕೆಲಸ ನನ್ನದು.

ನಿಮ್ಮ,
ಸಂಪಾದಕ