‘ಸ್ಟೆಂಟ್ ವಿಷಯ ಬರೆಯೋದು ಬೇಡ’ ಅಂದರಂತೆ: ಪ್ರವಾಸ ವಿಮೆಯ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರವಾಸಕ್ಕೆ ಹೋಗುವಾಗ ಮಾಡಿಸುವ ಆರೋಗ್ಯ ವಿಮೆಯ ಕುರಿತೇ ಇವೆ. ಕೊಡಗಿನಲ್ಲಿ ಮಗನೋ ಮಗಳೋ ಹೊರದೇಶದಲ್ಲಿ ಇಲ್ಲದ ಮನೆ ಕಡಿಮೆ, ಆದ್ದರಿಂದ ಆಶ್ಚರ್ಯವಿಲ್ಲ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಪಾಲಿಸಿ ಮಾರಿದವನಲ್ಲ, ಕ್ಲೇಮು ಓದಿದವನು. ಹಾಗಾಗಿ ಉತ್ತರಗಳು ಸ್ವಲ್ಪ ಕಹಿಯಾಗಿ ಕಂಡರೆ ಅದು ನನ್ನ ಹಳೆಯ ಮೇಜಿನ ದೋಷ.

ಪ್ರಶ್ನೆ: ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ. ಅವಳ ಹೆರಿಗೆಗೆಂದು ನಾವಿಬ್ಬರೂ ಆರು ತಿಂಗಳಿಗೆ ಹೊರಟಿದ್ದೇವೆ. ನನಗೆ 66, ನಮ್ಮ ಯಜಮಾನರಿಗೆ 71. ಅವರಿಗೆ ಬಿಪಿ, ಶುಗರ್ ಇದೆ. ಆರು ವರ್ಷದ ಹಿಂದೆ ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿದ್ದೇವೆ. ಪರಿಚಯದ ಏಜೆಂಟರು 1 ಲಕ್ಷ ಡಾಲರಿನ ಪಾಲಿಸಿ ಮಾಡಿಸಿಕೊಟ್ಟರು. ‘ಸ್ಟೆಂಟ್ ವಿಷಯ ಬರೆಯೋದು ಬೇಡ ಟೀಚರ್, ಸುಮ್ಮನೆ ತಕರಾರು’ ಅಂದರು. ಇಷ್ಟು ವಿಮೆ ಸಾಕಾಗುತ್ತದೆಯೇ?
ನಿವೃತ್ತ ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಟೀಚರೇ, ಸಾಕೋ ಸಾಲದೋ ಆಮೇಲೆ ನೋಡೋಣ. ಮೊದಲು ಆ ಪ್ರಪೋಸಲ್ ಫಾರಂ, ಅಂದರೆ ಪಾಲಿಸಿಗೆಂದು ತುಂಬಿಕೊಟ್ಟ ಅರ್ಜಿ, ಸರಿ ಮಾಡಿಸಿ. ಹೊರಡುವುದಕ್ಕೆ ಮುಂಚೆಯೇ ಆಗಬೇಕು. ದೇಶ ಬಿಟ್ಟ ಮೇಲೆ ಇಲ್ಲಿನ ಹೆಚ್ಚಿನ ಕಂಪನಿಗಳು ಹೊಸ ಪಾಲಿಸಿ ಕೊಡುವುದಿಲ್ಲ. ಪಾಲಿಸಿ ಮಾಡಿಸುವ ದಿನ ಏಜೆಂಟರು ನಿಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಇರುತ್ತಾರೆ. ಕ್ಲೇಮಿನ ದಿನ ಅವರು ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಫಾರಂ ಕೆಳಗೆ ಇರುವುದು ನಿಮ್ಮ ಸಹಿ.

ಸ್ಟೆಂಟನ್ನು ಮುಚ್ಚಿಡಲು ಆಗುವುದೂ ಇಲ್ಲ. ಯಜಮಾನರ ಮಾತ್ರೆ ಡಬ್ಬಿಯನ್ನೇ ತೆಗೆದು ನೋಡಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಒಂದೇ ಡಬ್ಬಿಯಲ್ಲಿ ಕಂಡ ಯಾವ ವೈದ್ಯರೂ ಎದೆಯ ವಿಚಾರ ಕೇಳದೆ ಬಿಡುವುದಿಲ್ಲ. ಕೇಳಿದ್ದು, ನೀವು ಹೇಳಿದ್ದು, ಎರಡೂ ದಾಖಲೆಗೆ ಹೋಗುತ್ತವೆ. ಬಿಲ್ಲು ದೊಡ್ಡದಾದರೆ ಕಂಪನಿಯವರು ಇಲ್ಲಿನ ನಿಮ್ಮ ಡಾಕ್ಟರ ಹಳೆಯ ಫೈಲನ್ನೂ ತರಿಸಿಕೊಳ್ಳುತ್ತಾರೆ. ಅಲ್ಲಿ ಸ್ಟೆಂಟ್ ಸಿಕ್ಕಿದ ಮೇಲೆ ಹೃದಯದ ಬಿಲ್ಲು ಮಾತ್ರವಲ್ಲ, ಕಾಲು ಜಾರಿ ಬಿದ್ದು ಸೊಂಟ ಮುರಿದದ್ದಕ್ಕೂ ತಕರಾರು ಎತ್ತಲು ಅವರಿಗೆ ದಾರಿಯಾಗುತ್ತದೆ.

ಹಾಗಾದರೆ ಬರೆದರೆ ಹೃದಯಕ್ಕೂ ವಿಮೆ ಸಿಗುತ್ತದೆಯೇ? ಹೆಚ್ಚಾಗಿ ಇಲ್ಲ. ಜನ ಎಡವುವುದು ಇಲ್ಲೇ. ಊರಿನಲ್ಲಿ ನೀವು ವರ್ಷ ವರ್ಷ ನವೀಕರಿಸುವ ಆರೋಗ್ಯ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಅದು 36 ತಿಂಗಳು ಮೀರುವಂತಿಲ್ಲ, ಕಾದ ಮೇಲೆ ವಿಮೆ ಸಿಗುತ್ತದೆ. ಪ್ರವಾಸದ ಪಾಲಿಸಿ ಇರುವುದೇ ಆರು ತಿಂಗಳು. ಅದರಲ್ಲಿ ಕಾದು ಮುಗಿಸುವ ಮಾತೇ ಇಲ್ಲ, ಹಳೆಯ ಕಾಯಿಲೆ ಹೊರಗೇ ಉಳಿಯುತ್ತದೆ. ಕೆಲವು ಪಾಲಿಸಿಗಳು ಜೀವಕ್ಕೆ ಅಪಾಯ ಬಂದಾಗ ಮಾತ್ರ, ಸ್ಥಿತಿ ಸುಧಾರಿಸುವವರೆಗೆ ಮಾತ್ರ, ಒಂದು ಮಿತಿಯೊಳಗೆ ಕೊಡುತ್ತವೆ. ಅಮೆರಿಕದ ಕಂಪನಿಗಳ ಪಾಲಿಸಿಯಲ್ಲಿ ಇದನ್ನೇ ‘ಅಕ್ಯೂಟ್ ಆನ್‌ಸೆಟ್’ ಎನ್ನುತ್ತಾರೆ. ಎಪ್ಪತ್ತು ದಾಟಿದವರಿಗೆ ಹಲವು ಪಾಲಿಸಿಗಳಲ್ಲಿ ಅದೂ ಇಲ್ಲ, ಇದ್ದರೂ ಮೊತ್ತ ತೀರಾ ಕಡಿಮೆ. ನಿಮ್ಮ ಯಜಮಾನರು ಆ ಗೆರೆ ದಾಟಿಯಾಗಿದೆ.

ಇನ್ನು ಆ 1 ಲಕ್ಷ ಡಾಲರ್. ಪಾಲಿಸಿಯ ಒಳಗೆ ಇನ್ನೊಂದು ಪಟ್ಟಿ ಇದೆಯೇ ನೋಡಿ: ಕೋಣೆಗೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು, ಸರ್ಜನ್ನಿಗೆ ಇಷ್ಟು ಎಂದು. ಅರವತ್ತು ದಾಟಿದವರ ಪಾಲಿಸಿಗಳಲ್ಲಿ ಈ ಪಟ್ಟಿ ಸಾಮಾನ್ಯ. ಲೆಕ್ಕಕ್ಕೆಂದು ಹೇಳುತ್ತೇನೆ, ಪಟ್ಟಿಯಲ್ಲಿ ದಿನಕ್ಕೆ 1,500 ಡಾಲರ್ ಇದ್ದು ಆಸ್ಪತ್ರೆ 5,000 ಹಾಕಿದರೆ, ಉಳಿದ 3,500 ನಿಮ್ಮ ಅಳಿಯನದು. ಮೇಲಿನ ಪುಟದ 1 ಲಕ್ಷ ಎಷ್ಟೇ ದೊಡ್ಡದಾಗಿ ಅಚ್ಚಾಗಿದ್ದರೂ ಅಷ್ಟೇ.

ಇದನ್ನೆಲ್ಲ ಓದಿ ಅಲ್ಲಿ ಹೋಗಿ ಎದೆನೋವು ಬಂದರೆ ಸಹಿಸಿಕೊಂಡು ಕೂರಬೇಡಿ. 1986ರ ಕಾನೂನಿನಂತೆ ಅಲ್ಲಿನ ತುರ್ತು ವಿಭಾಗದವರು ಹಣ ಇದೆಯೋ ಇಲ್ಲವೋ ಎಂದು ನೋಡದೆ ಪರೀಕ್ಷಿಸಿ, ಸ್ಥಿತಿ ಸುಧಾರಿಸುವಷ್ಟು ಚಿಕಿತ್ಸೆ ಕೊಡಲೇಬೇಕು. ಬಿಲ್ಲು ಮನೆಗೆ ಬರುತ್ತದೆ, ಅದು ಬೇರೆ ಮಾತು. ಲಾಭದ ಉದ್ದೇಶವಿಲ್ಲದ ಆಸ್ಪತ್ರೆಯಾದರೆ ಹಣಕಾಸು ನೆರವಿನ ಅರ್ಜಿ ಕೊಡಿ ಎಂದು ಮಗಳು ಬಾಯಿಬಿಟ್ಟು ಕೇಳಲಿ, ಅಂಥ ಆಸ್ಪತ್ರೆಗಳು ಆ ವ್ಯವಸ್ಥೆ ಇಟ್ಟಿರಲೇಬೇಕು. ಸಣ್ಣ ಜ್ವರಕ್ಕೆ, ಕೆಮ್ಮಿಗೆ ತುರ್ತು ವಿಭಾಗದ ಬಾಗಿಲು ತಟ್ಟಬೇಡಿ, ‘ಅರ್ಜೆಂಟ್ ಕೇರ್’ ಎಂಬ ಚಿಕ್ಕ ಕ್ಲಿನಿಕ್ಕುಗಳಿವೆ.

ಹೊರಡುವ ಮೊದಲು ಹೃದಯದ ಡಾಕ್ಟರಿಗೆ ಒಮ್ಮೆ ತೋರಿಸಿ, ಸ್ಟೆಂಟ್ ಹಾಕಿದ ದಿನದ ಡಿಸ್ಚಾರ್ಜ್ ಸಮರಿ ಜೊತೆಗಿಟ್ಟುಕೊಳ್ಳಿ. ಇಡೀ ಅವಧಿಯ ಮಾತ್ರೆಗಳು ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ಹೆರಿಗೆಯ ಖರ್ಚು, ಹುಟ್ಟುವ ಮಗು, ಇವು ನಿಮ್ಮ ಪಾಲಿಸಿಗೆ ಸೇರುವುದಿಲ್ಲ, ಅದು ಮಗಳ ವಿಮೆಯ ಲೆಕ್ಕ. ಅವಧಿ ವಿಸ್ತರಿಸಿದರೆ ಮೊದಲ ಅವಧಿಯಲ್ಲಿ ಕಾಣಿಸಿಕೊಂಡ ಕಾಯಿಲೆಯೂ ‘ಹಳೆಯದು’ ಆಗಿಬಿಡುತ್ತದೆ, ಇದನ್ನೂ ನೆನಪಿಡಿ. ಕೇಳದಿದ್ದರೂ ನನ್ನದೊಂದು ಅಭಿಪ್ರಾಯ: ಬಾಣಂತನಕ್ಕೆ ನೀವು ಆರು ತಿಂಗಳು ಇರಿ, ಯಜಮಾನರು ಮಗುವಿನ ಮುಖ ನೋಡಿ ಎರಡು ತಿಂಗಳಿಗೆ ವಾಪಸ್ ಬರಲಿ. ಅವರಿಗೂ ಹೇಗೂ ಕಾಫಿ ಕೊಯ್ಲಿನ ಚಿಂತೆ ಇರುತ್ತದೆ.

ಪ್ರಶ್ನೆ: ಎಂಟು ಜನ ನೆಂಟರು ಸೇರಿ ಪ್ಯಾರಿಸ್, ಸ್ವಿಟ್ಜರ್‌ಲೆಂಡ್, ಲಂಡನ್ ಟೂರ್ ಹೊರಟಿದ್ದೇವೆ. ವೀಸಾಗೆ ಬೇಕಾದ 30,000 ಯೂರೋ ವಿಮೆ ಆಗಿದೆ. ಇನ್ನೇನಾದರೂ ಬೇಕೆ?
ವಿರಾಜಪೇಟೆ

ಉತ್ತರ: 30,000 ಯೂರೋ ಎನ್ನುವುದು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ನಿಯಮದ ಕನಿಷ್ಠ ಮೊತ್ತ. ಅದು ವೀಸಾ ಅಧಿಕಾರಿಯ ಅಳತೆ, ಆಸ್ಪತ್ರೆಯದಲ್ಲ. ವೀಸಾ ಸಿಕ್ಕಿತೆಂದರೆ ಕಾಗದ ಸರಿಯಿತ್ತು ಎಂದಷ್ಟೇ ಅರ್ಥ. ಲಂಡನ್ ಷೆಂಗೆನ್‌ನಲ್ಲಿ ಇಲ್ಲ, ನಿಮ್ಮ ಪಾಲಿಸಿಯಲ್ಲಿ ಬ್ರಿಟನ್ ಹೆಸರು ಇದೆಯೇ ನೋಡಿ. ‘ಷೆಂಗೆನ್ ಮಾತ್ರ’ ಎಂಬ ಅಗ್ಗದ ಪಾಲಿಸಿಗಳಿವೆ. ಸ್ವಿಟ್ಜರ್‌ಲೆಂಡಿನ ಹಿಮದಲ್ಲಿ ಜಾರುವ ಆಟ ಆಡುವ ಮನಸ್ಸಿರುವವರು ಸಾಹಸ ಕ್ರೀಡೆ, ಪರ್ವತ ರಕ್ಷಣೆ ಎರಡೂ ಸೇರಿವೆಯೇ ಎಂದು ಬರಹದಲ್ಲೇ ಕೇಳಿ. ಎಂಟು ಜನರ ಪಾಲಿಸಿಯೂ ಒಬ್ಬರ ಮೊಬೈಲಿನಲ್ಲೇ ಇರುವುದು ಬೇಡ.

ಪ್ರಶ್ನೆ: ಕಕ್ಕಬ್ಬೆಯಲ್ಲಿ ನಮ್ಮದು ಹೋಂಸ್ಟೇ. ಮಳೆಯಲ್ಲಿ ತಡಿಯಂಡಮೋಳ್ ಹತ್ತಲು ಹೋದ ಬೆಂಗಳೂರಿನ ಅತಿಥಿಯೊಬ್ಬರು ಜಾರಿ ಕಾಲು ಮುರಿದುಕೊಂಡರು. ‘ಕ್ಯಾಶ್‌ಲೆಸ್ ಕಾರ್ಡ್ ಉಂಟು’ ಎಂದು ಧೈರ್ಯವಾಗಿದ್ದರು. ಕರೆದುಕೊಂಡು ಹೋದ ನರ್ಸಿಂಗ್ ಹೋಂನಲ್ಲಿ ಅದು ನಡೆಯಲಿಲ್ಲ, ಕೊನೆಗೆ ನಾನೇ ಸ್ವಲ್ಪ ಹಣ ಕೊಟ್ಟೆ. ಅವರ ಜೊತೆಯವರು ರೈಲು ಟಿಕೆಟಿನ ಜೊತೆ ಬಂದ ವಿಮೆಯನ್ನೂ ತೋರಿಸಿದರು! ಮುಂದಿನ ಸಲ ಏನು ಮಾಡಲಿ?

ಉತ್ತರ: ಆ ರೈಲಿನ ವಿಮೆ ಓದಿ ನಗು ಬಂತು, ಕ್ಷಮಿಸಿ. 45 ಪೈಸೆಯ ಆ ವಿಮೆ ರೈಲು ಅಪಘಾತಕ್ಕೆ. ರೈಲೇ ಇಲ್ಲದ ಕೊಡಗಿನ ಬೆಟ್ಟಕ್ಕೆ ಅದು ಹತ್ತುವುದಿಲ್ಲ.

ಕ್ಯಾಶ್‌ಲೆಸ್ ಎಂದರೆ ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವುದು. ಆ ಕಾರ್ಡ್ ನಡೆಯದಿರಲು ಕಾರಣಗಳುಂಟು. ವಿಮೆಯ ನಿಯಮದಲ್ಲಿ ‘ಆಸ್ಪತ್ರೆ’ ಎನಿಸಿಕೊಳ್ಳಲು 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ ಕನಿಷ್ಠ 10 ಹಾಸಿಗೆ ಇರಬೇಕು. ನಮ್ಮ ಇಡೀ ಜಿಲ್ಲೆಯ ಜನಸಂಖ್ಯೆಯೇ 2011ರ ಗಣತಿಯಲ್ಲಿ ಐದೂವರೆ ಲಕ್ಷ, ಆದ್ದರಿಂದ ಇಲ್ಲಿ 10ರ ಲೆಕ್ಕವೇ. ಅದಕ್ಕಿಂತ ಚಿಕ್ಕ ನರ್ಸಿಂಗ್ ಹೋಂ ಆದರೆ ಕ್ಯಾಶ್‌ಲೆಸ್ ಇರಲಿ, ಆಮೇಲೆ ಬಿಲ್ಲು ಕಳಿಸಿದರೂ ಕಷ್ಟ. ಎರಡನೆಯದು, ಹೆಚ್ಚಿನ ಪಾಲಿಸಿಗಳಿಗೆ 24 ಗಂಟೆಯ ದಾಖಲಾತಿ ಬೇಕು. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಸಂಜೆಗೆ ವಾಪಸ್ ಬಂದರೆ ಅದು ಹೊರರೋಗಿ ಚಿಕಿತ್ಸೆ, ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದಿಲ್ಲ. 2024ರ ಜನವರಿಯಿಂದ ‘ಕ್ಯಾಶ್‌ಲೆಸ್ ಎವ್ರಿವೇರ್’ ಎಂಬ ವ್ಯವಸ್ಥೆ ಬಂದಿದೆ. ಕಂಪನಿಯ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ತುರ್ತು ದಾಖಲಾತಿಯಾದ 48 ಗಂಟೆಯೊಳಗೆ ಕಂಪನಿಗೆ ತಿಳಿಸಿ ಕ್ಯಾಶ್‌ಲೆಸ್ ಕೇಳಬಹುದು. ಆದರೆ ಆಸ್ಪತ್ರೆಯವರೂ ಒಪ್ಪಬೇಕು, ಮತ್ತು ಅದು 15 ಹಾಸಿಗೆಯಾದರೂ ಇರುವ ನೋಂದಾಯಿತ ಆಸ್ಪತ್ರೆಗಳಿಗೆ.

ಮುಂದಿನ ಸಲ ಕಾಲು ಮುರಿದವರು ಯಾರೇ ಇರಲಿ, 108ಕ್ಕೆ ಕರೆ ಮಾಡಿ, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಿ. ಕಾರ್ಡಿನ ಚರ್ಚೆ ಅಲ್ಲಿಂದ ನಡೆಯಲಿ. ಮತ್ತೆ, ಜೂನ್–ಜುಲೈ ಮಳೆಯಲ್ಲಿ ಬೆಟ್ಟ ಹತ್ತುತ್ತೇವೆ ಅನ್ನುವವರಿಗೆ ಬೇಡ ಅನ್ನುವ ಹಕ್ಕು ನಿಮಗುಂಟು.

ಪ್ರಶ್ನೆ: ಗೆಳೆಯರ ಜೊತೆ ಥಾಯ್ಲೆಂಡಿಗೆ ಹೋಗುತ್ತಿದ್ದೇನೆ. ಅಲ್ಲಿ ಸ್ಕೂಟರ್ ಬಾಡಿಗೆಗೆ ಪಡೆದರೆ ವಿಮೆ ಇರುತ್ತದಲ್ಲ? ನನ್ನ ಬಳಿ ಕಾರಿನ ಲೈಸೆನ್ಸ್ ಇದೆ.
26 ವರ್ಷದ ಓದುಗ, ಕುಶಾಲನಗರ

ಉತ್ತರ: ಇರುವುದಿಲ್ಲ ಎಂದೇ ತಿಳಿದುಕೊಳ್ಳಪ್ಪ. ದ್ವಿಚಕ್ರದ ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿ ಬಿದ್ದರೆ ಕ್ಲೇಮು ಮೊದಲ ಪುಟದಲ್ಲೇ ಮುಗಿಯಿತು. ಇಲ್ಲಿ ಮೊದಲು ಅದನ್ನು ಮಾಡಿಸಿ, ಆಮೇಲೆ ಮಡಿಕೇರಿ ಆರ್‌ಟಿಒದಲ್ಲಿ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತೆಗೆದುಕೊಂಡು ಹೋಗು. ಕುಡಿದು ಓಡಿಸಿದರೆ ಯಾವ ಪರವಾನಗಿಯೂ ಉಳಿಸುವುದಿಲ್ಲ. ನಮ್ಮೂರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ತಂದೆಯವರಿಗೆ 68. ದುಬೈಯಲ್ಲಿರುವ ತಮ್ಮನ ಮನೆಗೆ ಹೋದಾಗ ನ್ಯುಮೋನಿಯಾ ಆಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಫಾರಂನಲ್ಲಿ ಶುಗರ್ 5 ವರ್ಷದಿಂದ ಇದೆ ಎಂದು ಸರಿಯಾಗಿಯೇ ಬರೆದಿದ್ದೆವು. ಈಗ ಕಂಪನಿಯವರು ‘ಆಸ್ಪತ್ರೆಯ ದಾಖಲೆಯಲ್ಲಿ 15 ವರ್ಷ ಎಂದಿದೆ, ಮಾಹಿತಿ ಮುಚ್ಚಿಟ್ಟಿದ್ದೀರಿ’ ಎಂದು ಕ್ಲೇಮು ತಳ್ಳಿಹಾಕಿದ್ದಾರೆ. ಪಾಲಿಸಿ ಇಲ್ಲಿಯೇ ಮಾಡಿಸಿದ್ದು.
ಕಾಫಿ ಬೆಳೆಗಾರ, ಗೋಣಿಕೊಪ್ಪಲು

ಉತ್ತರ: ನನ್ನ ಮೇಜಿಗೆ ಬಂದ ಜಗಳಗಳಲ್ಲಿ ದೊಡ್ಡ ಪಾಲು ಇಂಥ ಒಂದು ಸಾಲಿನದು. ಕೇಸ್ ಶೀಟಿನ ಮೇಲ್ಭಾಗದಲ್ಲಿ ‘ಕೆ/ಸಿ/ಓ ಡಿಎಂ, 15 ವರ್ಷ’ (ಶುಗರ್ ಇದೆಯೆಂದು ಗೊತ್ತಾಗಿ 15 ವರ್ಷ) ಎಂದು ಗೀಚಿರುತ್ತದೆ. ಅದನ್ನು ಬರೆದವರು ರಾತ್ರಿ ಪಾಳಿಯ ಡಾಕ್ಟರ್, ಹೇಳಿದವರು ಗಾಬರಿಯಲ್ಲಿದ್ದ ಮನೆಯವರು. ‘ಎಷ್ಟು ವರ್ಷದಿಂದ ಶುಗರ್?’ ‘ಏನೋ, ಹತ್ತು ಹದಿನೈದು ವರ್ಷ ಆಗಿರಬೇಕು.’ ಅಷ್ಟೇ. ಅದೇ ಸಾಲು ಡಿಸ್ಚಾರ್ಜ್ ಸಮರಿಗೆ ಇಳಿಯುತ್ತದೆ, ಅಲ್ಲಿಂದ ಕಂಪನಿಯ ಪತ್ರಕ್ಕೆ. ನಗಬೇಡಿ, ಇಷ್ಟೆಲ್ಲ ಗೊತ್ತಿದ್ದ ನಾನೇ ನನ್ನ ಅಮ್ಮನನ್ನು ಮೈಸೂರಿನಲ್ಲಿ ದಾಖಲಿಸುವಾಗ ಬಿಪಿಗೆ ‘ಇಪ್ಪತ್ತು ವರ್ಷ’ ಅಂದುಬಿಟ್ಟಿದ್ದೆ. ಇದ್ದದ್ದು ಒಂಬತ್ತು. ಸರಿಪಡಿಸಲು ನಾಲ್ಕು ಸಲ ಘಾಟಿ ಇಳಿಯಬೇಕಾಯಿತು.

ಈಗ ಮಾಡಬೇಕಾದ್ದು. ಚಿಕಿತ್ಸೆ ಕೊಟ್ಟ ಡಾಕ್ಟರಿಂದ ‘ಅವಧಿಯನ್ನು ಜೊತೆಗಿದ್ದವರು ಬಾಯಿಮಾತಿನಲ್ಲಿ ಹೇಳಿದ್ದು’ ಎಂಬ ಪತ್ರ ತರಿಸಲು ತಮ್ಮನಿಗೆ ಹೇಳಿ. ನ್ಯುಮೋನಿಯಾಕ್ಕೂ ಶುಗರಿನ ವರ್ಷಕ್ಕೂ ಏನು ಸಂಬಂಧ ಎಂದು ಕಂಪನಿ ವಿವರಿಸಬೇಕೆಂದು ನಿಮ್ಮ ಪತ್ರದಲ್ಲಿ ಕೇಳಿ. ಮೊದಲ ದೂರು ಕಂಪನಿಯ ಕುಂದುಕೊರತೆ ವಿಭಾಗಕ್ಕೇ ಹೋಗಬೇಕು, ಫೋನಿನಲ್ಲಿ ಅಲ್ಲ, ಬರಹದಲ್ಲಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಪು ಕೊಡುವವರು) ಕಚೇರಿಗೆ ಹೋಗಬಹುದು. ಅದಕ್ಕೆ ಒಂದು ವರ್ಷದ ಗಡುವು ಉಂಟು, ಮೀರಬೇಡಿ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷ ರೂಪಾಯಿವರೆಗಿನ ದೂರು ಕೇಳುತ್ತಾರೆ, ಅವರ ತೀರ್ಪಿಗೆ ಕಂಪನಿ ಬದ್ಧ. ಪಾಲಿಸಿ ಇಲ್ಲಿಯೇ ಮಾಡಿಸಿದ್ದು ನಿಮ್ಮ ಅದೃಷ್ಟ. ಮಕ್ಕಳು ಅಲ್ಲಿನ ಕಂಪನಿಯಿಂದ ಕೊಂಡಿದ್ದರೆ ಬೆಂಗಳೂರಿನ ಕಚೇರಿಗೆ ಅದರ ಮೇಲೆ ಅಧಿಕಾರ ಇರುತ್ತಿರಲಿಲ್ಲ. ಸೋಮವಾರಪೇಟೆಯ ಟೀಚರ್ ಇದನ್ನೂ ಓದಿಕೊಳ್ಳಲಿ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ತಂದೆಯವರಿಗೆ ಮೊದಲ ಸಲ ಶುಗರ್ ಕಂಡ ದಿನದ ಲ್ಯಾಬ್ ರಿಪೋರ್ಟ್. ಅದಕ್ಕೆ ಹಿಂದಿನ ವರ್ಷಗಳದ್ದು, ಶುಗರ್ ಸರಿಯಿದೆ ಎಂದು ತೋರಿಸುವ ಒಂದು ರಿಪೋರ್ಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಸಿಗದಿದ್ದರೆ ಗೋಣಿಕೊಪ್ಪಲಿನ ಆ ಲ್ಯಾಬಿಗೇ ಹೋಗಿ ಹಳೆಯ ರಿಜಿಸ್ಟರ್ ತೆಗೆಸಿ.